ವಯಸ್ಸು ನಿಲ್ಲಿಸುವ ಹಾರ್ಮೋನು: ಯಾರಿಗೆ ಬೇಕು, ಯಾರಿಗೆ ಬೇಡ?

ಮೂವತ್ತು ದಾಟಿದ ಮೇಲೆ ಫೋನಿಗೆ ಒಂದು ಹೊಸ ಬಗೆಯ ಜಾಹೀರಾತು ಬರೋಕೆ ಶುರುವಾಗುತ್ತದೆ. ಗಂಡಸರಿಗೆ ‘ಸುಸ್ತಾಗ್ತಿದೆಯಾ? ಹೊಟ್ಟೆ ಬಂದಿದೆಯಾ? ಟೆಸ್ಟೋಸ್ಟಿರಾನ್ ಕಮ್ಮಿಯಾಗಿರಬಹುದು’ ಅಂತ. ಹೆಂಗಸರಿಗೆ ‘ಹಾರ್ಮೋನ್ ಬ್ಯಾಲೆನ್ಸ್’ ಮಾಡುವ ಪುಡಿ, ಗಮ್ಮಿ, ಡ್ರಾಪ್ಸ್. ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಊಟಕ್ಕೆ ಕೂತಾಗಲೂ ಇದೇ ಮಾತು. ಒಬ್ಬನಿಗೆ ಜಿಮ್ ಟ್ರೈನರ್ ಹೇಳಿದ ಇಂಜೆಕ್ಷನ್ ಮೇಲೆ ಕಣ್ಣು. ಇನ್ನೊಬ್ಬಳ ಹತ್ತಿರ ಅಮೆರಿಕದಿಂದ ಅಕ್ಕ ತಂದುಕೊಟ್ಟ ಡಿಎಚ್‌ಇಎ ಡಬ್ಬಿ.

ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ಊರು ಜೇವರ್ಗಿ ತಾಲ್ಲೂಕಿನ ಅಂದೋಲಾ. ನಮ್ಮ ಕಡೆ ಹಾರ್ಮೋನಿನ ಕಥೆ ಉಲ್ಟಾ ಇದೆ: ನಿಜವಾಗಿ ಬೇಕಾದವರಿಗೆ ಅದರ ಹೆಸರೂ ಗೊತ್ತಿಲ್ಲ. ಎರಡೂ ಕಡೆ ನೋಡಿದ ಮೇಲೆ ಈ ವಿಷಯವನ್ನು ಸ್ವಲ್ಪ ಕೂತು ಓದಿದೆ. ಓದಿದ್ದರ ಸಾರ ಇಷ್ಟು: ಹಾರ್ಮೋನು ಕೊರತೆಗೆ ಔಷಧಿ, ವಯಸ್ಸಿಗೆ ಔಷಧಿಯಲ್ಲ.

ಟ್ಯಾಂಕು ತುಂಬಿದರೆ ಮೋಟರ್ ಆಫ್

ಮನೆ ಮೇಲಿನ ನೀರಿನ ಟ್ಯಾಂಕಿಗೆ ಸೆನ್ಸರ್ ಹಾಕಿಸಿರ್ತಾರಲ್ಲ, ದೇಹವೂ ಹಾಗೇ. ರಕ್ತದಲ್ಲಿ ಟೆಸ್ಟೋಸ್ಟಿರಾನ್ ಎಷ್ಟಿದೆ ಅಂತ ಮೆದುಳು ನೋಡುತ್ತಲೇ ಇರುತ್ತದೆ. ಕಮ್ಮಿಯಾದರೆ ಪಿಟ್ಯುಟರಿ ಗ್ರಂಥಿಯ ಮೂಲಕ ವೃಷಣಗಳಿಗೆ ‘ಇನ್ನೂ ಮಾಡು’ ಅನ್ನುತ್ತದೆ. ಸಾಕಾದಾಗ ಸುಮ್ಮನಾಗುತ್ತದೆ. ಈಗ ನೀವು ಹೊರಗಿನಿಂದ ಟ್ಯಾಂಕರ್ ತರಿಸಿ ಟ್ಯಾಂಕು ತುಂಬಿಸಿದಿರಿ ಅನ್ನಿ. ಸೆನ್ಸರ್‌ಗೆ ಗೊತ್ತಾಗೋದು ಟ್ಯಾಂಕು ತುಂಬಿದೆ ಅಂತ ಮಾತ್ರ. ಮೋಟರ್ ಆಫ್ ಆಗುತ್ತದೆ.

ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತಗೊಂಡಾಗ ಆಗೋದು ಇದೇ. ವೃಷಣ ಸುಮ್ಮನಾಗುತ್ತದೆ, ಅದರ ಜೊತೆಗೆ ವೀರ್ಯಾಣು ತಯಾರಾಗೋದೂ ಇಳಿಯುತ್ತದೆ. ಕೆಲವರಲ್ಲಿ ಸೊನ್ನೆಗೇ ಬರುತ್ತದೆ. ನಿಲ್ಲಿಸಿದರೆ ಹೆಚ್ಚಿನವರಿಗೆ ವಾಪಸ್ ಬರುತ್ತದೆ, ಆದರೆ ಅದಕ್ಕೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷದ ಮೇಲೂ ಬೇಕು. ಮದುವೆಯಾಗಿ, ಮಗುವಿಗೆ ಪ್ಲಾನ್ ಮಾಡುತ್ತಿರುವ ನಮ್ಮ ವಯಸ್ಸಿನವರಿಗೆ ಇದು ಸಣ್ಣ ಮಾತಲ್ಲ. ಜಿಮ್‌ನಲ್ಲಿ ಇದನ್ನು ಯಾರೂ ಹೇಳಲ್ಲ.

ಗಂಡಸರಿಗೆ ಲಾಭ ಎಷ್ಟು, ನಷ್ಟ ಎಷ್ಟು?

ನಡುವಯಸ್ಸಿನಿಂದ ಟೆಸ್ಟೋಸ್ಟಿರಾನ್ ವರ್ಷಕ್ಕೆ ಸುಮಾರು ಶೇ. 1ರಷ್ಟು ಇಳಿಯೋದು ಸಹಜ. ಅದನ್ನು ಮೇಲೆತ್ತಿದರೆ ಯೌವನ ಬರುತ್ತದಾ ಅಂತ ಅಮೆರಿಕದಲ್ಲಿ 65 ದಾಟಿದ, ಮಟ್ಟ ಕಮ್ಮಿ ಇದ್ದ 790 ಗಂಡಸರ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. 2016ರಿಂದ ಫಲಿತಾಂಶ ಬಂತು. ಲೈಂಗಿಕ ಆಸಕ್ತಿ ಸ್ವಲ್ಪ ಹೆಚ್ಚಿತು, ಮೂಳೆ ಸಾಂದ್ರತೆ ಹೆಚ್ಚಿತು, ರಕ್ತಹೀನತೆ ಇದ್ದವರಿಗೆ ಅನುಕೂಲ ಆಯಿತು. ಜಾಹೀರಾತಿನವರು ಮಾರುವ ‘ಎನರ್ಜಿ’ ಮಾತ್ರ ಹೇಳಿಕೊಳ್ಳುವಷ್ಟು ಬರಲಿಲ್ಲ, ನೆನಪಿನ ಶಕ್ತಿಯೂ ಸುಧಾರಿಸಲಿಲ್ಲ. ಹೃದಯದ ರಕ್ತನಾಳಗಳಲ್ಲಿ ಕಟ್ಟಿಕೊಳ್ಳುವ ಪದರ ಔಷಧಿ ತಗೊಂಡವರಲ್ಲಿ ಜಾಸ್ತಿ ಬೆಳೆದಿತ್ತು.

ಆಮೇಲೆ 5,000ಕ್ಕೂ ಹೆಚ್ಚು ಗಂಡಸರ ಟ್ರಾವರ್ಸ್ ಅಧ್ಯಯನ 2023ರಲ್ಲಿ ಬಂತು. ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಹೆಚ್ಚಾಗಲಿಲ್ಲ ಅನ್ನೋದು ಸಮಾಧಾನದ ಸುದ್ದಿ. ಆದರೆ ಹೃದಯ ಬಡಿತದ ಏರುಪೇರು, ಶ್ವಾಸಕೋಶಕ್ಕೆ ರಕ್ತ ಹೆಪ್ಪುಗಟ್ಟುವುದು ಜಾಸ್ತಿ ಕಂಡವು. ಗಮನಿಸಿ: ಇವೆರಡೂ ಮಟ್ಟ ನಿಜವಾಗಿ ಕಮ್ಮಿ ಇದ್ದವರ ಮೇಲೆ, ಡಾಕ್ಟರ ಕಣ್ಣೆದುರು ನಡೆದ ಪರೀಕ್ಷೆಗಳು. ಮೂವತ್ತರ ಆರೋಗ್ಯವಂತ ಹುಡುಗ ಲಾಕರ್ ರೂಮಿನಲ್ಲಿ ಚುಚ್ಚಿಸಿಕೊಳ್ಳೋದಕ್ಕೆ ಇವು ಭರವಸೆ ಕೊಡೋದಿಲ್ಲ.

ಗ್ರೋತ್ ಹಾರ್ಮೋನ್ ಕ್ರೇಜ್ ಶುರುವಾದದ್ದು 1990ರಲ್ಲಿ. ಅಮೆರಿಕದ ಡಾ. ಡೇನಿಯಲ್ ರಡ್‌ಮನ್ 61 ದಾಟಿದ 12 ಗಂಡಸರಿಗೆ ಆರು ತಿಂಗಳು ಕೊಟ್ಟು ನೋಡಿದರು. ಕೊಬ್ಬು ಶೇ. 14ರಷ್ಟು ಇಳಿದು, ಕೊಬ್ಬಿಲ್ಲದ ತೂಕ ಸುಮಾರು ಶೇ. 9ರಷ್ಟು ಏರಿತು. ಆ 12 ಜನರ ಮೇಲೆ ಒಂದು ದೊಡ್ಡ ವ್ಯಾಪಾರವೇ ಬೆಳೆಯಿತು. ಮುಂದಿನ ಅಧ್ಯಯನಗಳಲ್ಲಿ ಮಾಂಸಖಂಡ ಹೆಚ್ಚಿದರೂ ಕಸುವು ಅದಕ್ಕೆ ತಕ್ಕಂತೆ ಹೆಚ್ಚಲಿಲ್ಲ. ಕೈಕಾಲು ಬಾವು, ಕೀಲು ನೋವು, ಸಕ್ಕರೆ ಏರಿಕೆ ಮಾತ್ರ ಬಂದವು. ಡಿಎಚ್‌ಇಎ ಕಥೆ ಇನ್ನೂ ಚಿಕ್ಕದು: ವಯಸ್ಸಾದವರಿಗೆ ಎರಡು ವರ್ಷ ಕೊಟ್ಟು ನೋಡಿದ ಮೇಯೊ ಕ್ಲಿನಿಕ್‌ನ 2006ರ ಅಧ್ಯಯನದಲ್ಲಿ ಶಕ್ತಿಯೂ ಬರಲಿಲ್ಲ, ಜೀವನದ ಗುಣಮಟ್ಟವೂ ಬದಲಾಗಲಿಲ್ಲ.

ಆನ್‌ಲೈನ್ ‘ಬೂಸ್ಟರ್’ ಡಬ್ಬಿಗಳ ಬಗ್ಗೆ ಒಂದು ಮಾತು. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಸಪ್ಲಿಮೆಂಟಿನಲ್ಲಿ ಹಾರ್ಮೋನ್, ಸ್ಟಿರಾಯ್ಡ್ ಹಾಕುವಂತಿಲ್ಲ. ಹಾಗಾಗಿ ಡಬ್ಬಿಯಲ್ಲಿ ಹಾರ್ಮೋನ್ ಇರಲ್ಲ, ಇದ್ದರೆ ಅದು ಕಾನೂನುಬಾಹಿರ. ಎರಡರಲ್ಲಿ ಯಾವುದಾದರೂ ದುಡ್ಡು ಕೊಡೋಕೆ ಕಾರಣ ಕಾಣಲ್ಲ.

ಅವ್ವಂದಿರ ವಿಷಯ ಬೇರೆ

ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಬೇಗ ಕುಸಿಯುತ್ತದೆ. ಮೈ ಬಿಸಿಯೇರಿ ಬೆವರುವುದು, ನಿದ್ದೆಗೇಡು, ಮೂಳೆ ಸವೆತ ಎಲ್ಲ ಅದರಿಂದ. ಹಾರ್ಮೋನು ಕೊಟ್ಟರೆ ಇವು ಕಮ್ಮಿಯಾಗುತ್ತವೆ. ಆದರೆ 2002ರಲ್ಲಿ ಅಮೆರಿಕದ 16,608 ಮಹಿಳೆಯರ ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು. 10,000 ಮಹಿಳೆಯರು ಒಂದು ವರ್ಷ ಎರಡು ಹಾರ್ಮೋನು ಸೇರಿದ ಮಾತ್ರೆ ತಗೊಂಡರೆ 8 ಸ್ತನ ಕ್ಯಾನ್ಸರ್, 8 ಸ್ಟ್ರೋಕ್ ಹೆಚ್ಚು. ಸೊಂಟದ ಮೂಳೆ ಮುರಿತ 5 ಕಮ್ಮಿ. ಜಗತ್ತೆಲ್ಲ ಹೆದರಿತು.

ಆಮೇಲೆ ಬಿಡಿಸಿ ನೋಡಿದಾಗ ತಿಳಿದದ್ದು: ಅವರ ಸರಾಸರಿ ವಯಸ್ಸು 63. ಅರುವತ್ತರೊಳಗೆ, ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರು ಮಾಡಿದರೆ, ತೊಂದರೆ ಇರುವ ಹೆಚ್ಚಿನವರಿಗೆ ಲಾಭವೇ ಜಾಸ್ತಿ. ಸ್ತನ ಕ್ಯಾನ್ಸರ್, ಸ್ಟ್ರೋಕ್, ರಕ್ತ ಹೆಪ್ಪುಗಟ್ಟಿದ ಇತಿಹಾಸ, ಲಿವರ್ ಕಾಯಿಲೆ ಇದ್ದವರಿಗೆ ಸಾಮಾನ್ಯವಾಗಿ ಕೊಡಲ್ಲ. ಗರ್ಭಕೋಶ ಇದ್ದವರಿಗೆ ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಕ್ಯಾನ್ಸರ್ ಭಯ, ಅದಕ್ಕೇ ಜೊತೆಗೆ ಇನ್ನೊಂದು ಹಾರ್ಮೋನು ಬೇಕು. ಅಂಗಡಿಯಲ್ಲಿ ಕೇಳಿ ತಗೊಳ್ಳುವ ಔಷಧಿ ಇದಲ್ಲ.

ನಮ್ಮ ಜಿಲ್ಲೆಯ ಕಥೆ

2015ರಲ್ಲಿ ಕಲಬುರಗಿ ಜಿಲ್ಲೆ ಸುದ್ದಿಯಲ್ಲಿತ್ತು. ಬಿಳಿ ಸೆರಗು, ಹೊಟ್ಟೆ ನೋವು ಅಂತ ಹೋದ ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳು, ದಲಿತ ಹೆಣ್ಣುಮಕ್ಕಳಿಗೆ ‘ಕ್ಯಾನ್ಸರ್ ಆಗ್ತದ’ ಅಂತ ಹೆದರಿಸಿ ಗರ್ಭಚೀಲ ತೆಗೆದ ಪ್ರಕರಣಗಳವು. ಕರ್ನಾಟಕ ಜನಾರೋಗ್ಯ ಚಳವಳಿಯವರು ಹಳ್ಳಿ ಹಳ್ಳಿ ತಿರುಗಿ ದಾಖಲೆ ಮಾಡಿದರು. ಸರ್ಕಾರದ ತನಿಖೆಯಾಯಿತು, ಕೆಲವು ಖಾಸಗಿ ಆಸ್ಪತ್ರೆಗಳ ಪರವಾನಗಿ ರದ್ದು ಮಾಡುವ ಆದೇಶವೂ ಬಂತು. ಎರಡು ಸಾವಿರಕ್ಕೂ ಹೆಚ್ಚು ಆಪರೇಷನ್‌ಗಳ ಲೆಕ್ಕ ಸಿಕ್ಕಿತು, ಅವರಲ್ಲಿ ಬಹಳ ಮಂದಿ ನಲವತ್ತೂ ದಾಟದವರು. ಬೇರೆ ರಾಜ್ಯಗಳ ಇಂಥದ್ದೇ ಪ್ರಕರಣಗಳ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟು, ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಪಾಲಿಸಬೇಕು ಅಂದಿತು.

ಗರ್ಭಚೀಲದ ಜೊತೆ ಎರಡೂ ಅಂಡಾಶಯ ತೆಗೆದರೆ ಮೂವತ್ತರ ಹೆಣ್ಣುಮಗಳು ಒಂದೇ ದಿನಕ್ಕೆ ಐವತ್ತರ ಹಾರ್ಮೋನ್ ಮಟ್ಟಕ್ಕೆ ಬಂದು ನಿಲ್ತಾಳೆ. ಮೂಳೆ, ಹೃದಯ ಎರಡಕ್ಕೂ ಪೆಟ್ಟು. ಇಂಥವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಐವತ್ತರವರೆಗಾದರೂ ಈಸ್ಟ್ರೋಜನ್ ಕೊಡಬೇಕು ಅನ್ನೋದು ವೈದ್ಯಕೀಯ ಸಲಹೆ. ಇದು ವಯಸ್ಸು ಮುಚ್ಚಿಡುವ ಶೋಕಿಯಲ್ಲ, ಕಿತ್ತುಕೊಂಡದ್ದನ್ನು ವಾಪಸ್ ಕೊಡೋದು.

ನಮ್ಮೂರಿನ ಒಬ್ಬ ಕಾಕಿ ಹೋದ ಸಲ ಜಾತ್ರೆಗೆ ಹೋದಾಗ ಹೇಳಿದಳು: “ಮೂವತ್ತೆರಡಕ್ಕೇ ಚೀಲ ತೆಗದಾರ ತಮ್ಮಾ. ಆವಾಗಿಂದ ಮೈಯಾಗ ಬೆಂಕಿ ಹಚ್ಚಿದಂಗ ಆಗ್ತದ. ತೊಗರಿ ರಾಶಿ ಮಾಡಾಕ ಟೊಂಕ ಬಗ್ಗಲ್ಲ.” ಅಂಡಾಶಯ ತೆಗೆದಿದ್ದಾರಾ ಅಂತ ಕೇಳಿದೆ. “ಅದೇನೋ ನನಗೇನ ಗೊತ್ತು? ಚೀಟಿ ಕೊಟ್ಟಿದ್ರು, ಟ್ರಂಕಿನಾಗ ಇರಬೇಕು.” ಇಷ್ಟು ವರ್ಷ ಅವಳು ತಗೊಂಡದ್ದು ನೋವಿನ ಗುಳಿಗೆ ಮಾತ್ರ.

ಹಾಗಾದರೆ ಏನು ಮಾಡೋದು?

ಸುಸ್ತು ಅಂದ ತಕ್ಷಣ ಹಾರ್ಮೋನಿಗೆ ಕೈ ಹಾಕಬೇಡಿ. ಮೊದಲು ಥೈರಾಯ್ಡ್, ಸಕ್ಕರೆ, ಹಿಮೋಗ್ಲೋಬಿನ್ ನೋಡಿಸಿ. ಜೋರು ಗೊರಕೆ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಹೊಟ್ಟೆಯ ಬೊಜ್ಜು ಟೆಸ್ಟೋಸ್ಟಿರಾನ್ ಇಳಿಸುತ್ತದೆ, ನೈಟ್ ಶಿಫ್ಟ್ ಕೂಡ ಇಳಿಸಬಹುದು.

ಟೆಸ್ಟೋಸ್ಟಿರಾನ್ ಟೆಸ್ಟ್ ಮಾಡಿಸೋದಾದರೆ ಬೆಳಗ್ಗೆ, ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ಬೇರೆ ದಿನ. ಎರಡೂ ಸಲ ಕಮ್ಮಿ ಬಂದು, ಲಕ್ಷಣವೂ ಇದ್ದರೆ ಮಾತ್ರ ಎಂಡೋಕ್ರೈನಾಲಜಿಸ್ಟ್ ಹತ್ತಿರ ಹೋಗಿ. ಮಕ್ಕಳು ಬೇಕು ಅನ್ನೋದನ್ನು ಮೊದಲೇ ಹೇಳಿ, ಅದಕ್ಕೆ ಬೇರೆ ಚಿಕಿತ್ಸೆ ಇದೆ.

ಮತ್ತೆ ಊರಿಗೊಂದು ಫೋನ್ ಮಾಡಿ. ಅವ್ವ, ಅಕ್ಕ, ಕಾಕಿ, ಅತ್ತಿ, ಯಾರಿಗಾದರೂ ನಲವತ್ತರೊಳಗೆ ಗರ್ಭಚೀಲ ತೆಗೆದಿದ್ದರೆ ಡಿಸ್ಚಾರ್ಜ್ ಚೀಟಿಯ ಫೋಟೊ ಕಳಿಸೋಕೆ ಹೇಳಿ. ಅಂಡಾಶಯ ತೆಗೆದದ್ದು ಅದರಲ್ಲಿ ಬರೆದಿರುತ್ತದೆ. ಅದನ್ನು ಒಬ್ಬ ಸ್ತ್ರೀರೋಗ ತಜ್ಞರಿಗೆ ತೋರಿಸಿ, ಮೂಳೆ ಸಾಂದ್ರತೆ ಪರೀಕ್ಷೆ ಬೇಕಾ ಅಂತ ಕೇಳಿ. ಕಾಕಿಯ ಚೀಟಿ ಟ್ರಂಕಿನಲ್ಲಿ ಸಿಕ್ಕಿತು. ಎರಡೂ ಅಂಡಾಶಯ ತೆಗೆದಿದ್ದರು. ಈಗ ಅವಳಿಗೆ ನಲವತ್ತಾರು, ಬರುವ ತಿಂಗಳು ಕಲಬುರಗಿಗೆ ಕರಕೊಂಡು ಹೋಗ್ತಿದ್ದೀನಿ.