ಎಂಟು ನಿಮಿಷ, 13 ಸೆಕೆಂಡು, ಐದೂವರೆ ಆನೆ

ಊಟಿಯ ರೇಸ್‌ಕೋರ್ಸ್ ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದಲ್ಲಿತ್ತು. 253 ಮೀಟರಿನ ಜೋಗ ಜಲಪಾತವನ್ನು ಒಂದರ ಮೇಲೊಂದರಂತೆ ಎಂಟು ಸಲ ಪೇರಿಸಿದರೂ ಅಲ್ಲಿಗೆ ಮುಟ್ಟುವುದಿಲ್ಲ! 2024ರಲ್ಲಿ ತಮಿಳುನಾಡು ಸರ್ಕಾರ ಜಾಗವನ್ನು ವಾಪಸ್ ಪಡೆಯುವವರೆಗೂ ಬೇಸಗೆ ಬಂತೆಂದರೆ 2.4 ಕಿಲೋಮೀಟರಿನ ಆ ಸುತ್ತಿನಲ್ಲಿ ಗೊರಸಿನ ಸದ್ದು. ಆದರೆ ಅದು ಸಪಾಟು ಓಟ, ಅಡ್ಡಲಾಗಿ ಒಂದು ಬೇಲಿಯೂ ಇರಲಿಲ್ಲ. ಬೇಲಿ ಹಾರುವ ಸವಾರನ ಅಂಕಿಗಳೇ ಬೇರೆ. ಅವನ್ನು ಲೆಕ್ಕ ಹಾಕಲು ಕೂತರೆ ನೀಲಗಿರಿಯ ಆನೆ, ಬೆಟ್ಟ, ರೈಲು ಎಲ್ಲವನ್ನೂ ಅಳತೆಗೋಲು ಮಾಡಿಕೊಳ್ಳಬೇಕಾಗುತ್ತದೆ.

ಮೊದಲು ಒಬ್ಬ ಸವಾರ, ಒಂದು ಕುದುರೆ. ಬೆಂಗಳೂರಿನ ಫವಾದ್ ಮಿರ್ಜಾ, ಹುಟ್ಟಿದ್ದು 1992ರಲ್ಲಿ. ಕುದುರೆಯ ಹೆಸರು ಸೆನ್ಯೂರ್ ಮೆಡಿಕಾಟ್. ಸ್ಪರ್ಧೆ ಟೋಕಿಯೋ ಒಲಿಂಪಿಕ್ಸಿನ ಇವೆಂಟಿಂಗ್. ಮೊದಲ ಹಂತ ಡ್ರೆಸ್ಸಾಜ್ (ಕುದುರೆಯ ನಡಿಗೆ, ಶಿಸ್ತಿನ ಪರೀಕ್ಷೆ), ಎರಡನೆಯದು ಕ್ರಾಸ್ ಕಂಟ್ರಿ, ಮೂರನೆಯದು ಷೋ ಜಂಪಿಂಗ್. ಕ್ರಾಸ್ ಕಂಟ್ರಿಯ ದಾರಿ 4,420 ಮೀಟರ್, ಅಂದರೆ ಊಟಿಯ ಸುತ್ತು ಎರಡಕ್ಕೂ ಕಡಿಮೆ. ಇಷ್ಟೇನಾ ಎನ್ನಬೇಡಿ! ಅಷ್ಟರೊಳಗೆ 38 ಜಿಗಿತಗಳಿದ್ದವು. ಮಿರ್ಜಾ ಮುಗಿಸಿದ್ದು 8 ನಿಮಿಷ 13 ಸೆಕೆಂಡಿನಲ್ಲಿ. ಹದಿಮೂರು ಸೆಕೆಂಡಿಗೊಂದು ಜಿಗಿತ. ನೀವು ಈ ಪ್ಯಾರಾ ಓದಿ ಮುಗಿಸುವ ಹೊತ್ತಿಗೆ ಅವರು ಎರಡು ತಡೆಗಳನ್ನಾದರೂ ದಾಟಿರುತ್ತಿದ್ದರು.

ಈಗ ತೂಕ. ಕುದುರೆಗೆ ಸುಮಾರು 500 ಕಿಲೋ, ಸವಾರ ಮತ್ತು ಜೀನಿಗೆ ಇನ್ನೊಂದು 75 ಕಿಲೋ ಎಂದಿಟ್ಟುಕೊಳ್ಳಿ. 38 ಸಲ ಎತ್ತಿದರೆ ಹತ್ತಿರಹತ್ತಿರ 22 ಟನ್. ಮುದುಮಲೆಯ ಕಾಡಿನ ಗಂಡಾನೆಯೊಂದಕ್ಕೆ ನಾಲ್ಕು ಟನ್ ಎಂದರೆ ಐದೂವರೆ ಆನೆ! ಐದೂವರೆ ಆನೆಗಳನ್ನು ನೆಲದಿಂದ ಮೇಲೆತ್ತಿ, ಬೇಲಿ ದಾಟಿಸಿ, ಆಚೆ ಬದಿ ಇಳಿಸುವುದು, ಅದೂ ಒಂದು ಲೋಟ ಕಾಫಿ ಆರುವಷ್ಟರಲ್ಲಿ.

ವೇಗ? ಗಂಟೆಗೆ 32 ಕಿಲೋಮೀಟರ್. ಮೆಟ್ಟುಪಾಳ್ಯದಿಂದ ಊಟಿಗೆ ಹತ್ತುವ ಪುಟಾಣಿ ರೈಲು 46 ಕಿಲೋಮೀಟರಿಗೆ ಐದು ಗಂಟೆಗೆ ಹತ್ತು ನಿಮಿಷ ಮಾತ್ರ ಕಡಿಮೆ ತೆಗೆದುಕೊಳ್ಳುತ್ತದೆ. 208 ತಿರುವು, 16 ಸುರಂಗ, 250 ಸೇತುವೆಗಳ ಆ ದಾರಿಯಲ್ಲಿ ಟೋಕಿಯೋದ ವೇಗವನ್ನೇ ಕಾಯ್ದುಕೊಂಡು ಹೋಗುವ ಕುದುರೆಯೊಂದು ಇದ್ದಿದ್ದರೆ, ರೈಲು ಅರ್ಧ ದಾರಿಯನ್ನೂ ಮುಟ್ಟದಿರುವಾಗ, ಒಂದೂವರೆ ಗಂಟೆಯೊಳಗೆ, ಅದು ಊಟಿಯಲ್ಲಿ ಹುಲ್ಲು ಮೇಯುತ್ತಿತ್ತು!

ಇಷ್ಟಾದರೂ ತೀರ್ಪುಗಾರರ ಪ್ರಕಾರ ಮಿರ್ಜಾ ತಡವಾಗಿ ಬಂದರು. ನಿಗದಿಯಾದ ಸಮಯ 7 ನಿಮಿಷ 45 ಸೆಕೆಂಡು. ಮೀರಿದ್ದು 28 ಸೆಕೆಂಡು. ಸೆಕೆಂಡಿಗೆ 0.4ರಂತೆ 11.20 ಪೆನಾಲ್ಟಿ ಅಂಕ. ಇವೆಂಟಿಂಗಿನಲ್ಲಿ ಅಂಕ ಕಡಿಮೆಯಿದ್ದಷ್ಟೂ ಮೇಲು. ಡ್ರೆಸ್ಸಾಜಿನಲ್ಲಿ 28.00 ಪಡೆದು ಒಂಬತ್ತನೆಯ ಸ್ಥಾನದಲ್ಲಿದ್ದವರು ಇಲ್ಲಿ 28 ಸೆಕೆಂಡಿಗೆ 22ಕ್ಕೆ ಇಳಿದರು. ಷೋ ಜಂಪಿಂಗ್ ಮುಗಿಸಿದಾಗ ಒಟ್ಟು 59.60, ಫೈನಲ್ಲಿನ 25 ಮಂದಿಯಲ್ಲಿ 23ನೆಯ ಸ್ಥಾನ. ಚಿನ್ನ ಗೆದ್ದ ಜರ್ಮನಿಯ ಯೂಲಿಯಾ ಕ್ರಾಯೆವ್‌ಸ್ಕಿ ಅವರದು 26.00. ನಡುವಿನ 33.60 ಅಂಕಗಳನ್ನು ಕ್ರಾಸ್ ಕಂಟ್ರಿಯ ಗಡಿಯಾರಕ್ಕೆ ಹಾಕಿ ನೋಡಿ: ಬರೀ 84 ಸೆಕೆಂಡು! ಮೊದಲ ಸ್ಥಾನಕ್ಕೂ ಇಪ್ಪತ್ತಮೂರನೆಯದಕ್ಕೂ ಒಂದೂವರೆ ನಿಮಿಷದಷ್ಟೂ ದೂರವಿಲ್ಲ.

ಸೆಕೆಂಡುಗಳಿಂದ ವರ್ಷಗಳಿಗೆ ಬರೋಣ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇದೇ ಕುದುರೆಯ ಮೇಲೆ ಮಿರ್ಜಾ 26.40 ಅಂಕಗಳೊಂದಿಗೆ ಬೆಳ್ಳಿ ಗೆದ್ದರು. ಚಿನ್ನ ಗೆದ್ದ ಜಪಾನಿನ ಯೋಶಿಯಾಕಿ ಓಯಿವಾ ಅವರದು 22.70. ವ್ಯತ್ಯಾಸ 3.70. ಷೋ ಜಂಪಿಂಗಿನಲ್ಲಿ ಗೊರಸು ತಾಗಿ ಒಂದು ಕಂಬ ಬಿದ್ದರೆ 4 ಅಂಕ. ಚಿನ್ನಕ್ಕೂ ಬೆಳ್ಳಿಗೂ ನಡುವೆ ಒಂದು ಕಂಬವೂ ಪೂರ್ತಿ ಇರಲಿಲ್ಲ! ಕುದುರೆ ಸವಾರಿಯಲ್ಲಿ ಭಾರತಕ್ಕೆ ಅದಕ್ಕೂ ಹಿಂದೆ ವೈಯಕ್ತಿಕ ಪದಕ ಬಂದದ್ದು 1982ರ ದೆಹಲಿಯಲ್ಲಿ, ಮಿರ್ಜಾ ಹುಟ್ಟುವುದಕ್ಕೂ ಹತ್ತು ವರ್ಷ ಮೊದಲು. ನಡುವೆ 36 ವರ್ಷ. ಮಸಿನಗುಡಿಯಿಂದ ಕಲ್ಹಟ್ಟಿ ಘಾಟಿ ಹತ್ತಿ ಊಟಿಗೆ ಹೋದವರಿಗೆ ಈ ಸಂಖ್ಯೆ ಗೊತ್ತು: ಅಲ್ಲಿಯೂ ಹೇರ್‌ಪಿನ್ ತಿರುವುಗಳು 36. ಒಂದೊಂದು ತಿರುವಿಗೆ ಒಂದೊಂದು ವರ್ಷ ಕಾಯುತ್ತಾ ಆ ಘಾಟಿ ಹತ್ತಿ ನೋಡಿ!

ಇನ್ನು ಕಿಲೋಮೀಟರುಗಳು. ಇಷ್ಟೆಲ್ಲಕ್ಕೂ ಮಿರ್ಜಾ ಬೆಂಗಳೂರನ್ನು ಬಿಟ್ಟು ಜರ್ಮನಿಗೆ ಹೋಗಬೇಕಾಯಿತು. ಬೆನ್ನಿಗೆ ಬೆಂಗಳೂರಿನ ಎಂಬೆಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್, ಎದುರಿಗೆ 2014ರ ವಿಶ್ವ ಚಾಂಪಿಯನ್ ಸಾಂಡ್ರಾ ಔಫಾರ್ಟ್ ಅವರ ತರಬೇತಿ. ಬ್ರೆಮೆನ್ ಸಮೀಪದ ಅವರ ಲಾಯಕ್ಕೆ ಬೆಂಗಳೂರಿನಿಂದ ನೇರ ಗೆರೆ ಎಳೆದರೂ 7,400 ಕಿಲೋಮೀಟರ್ ದಾಟುತ್ತದೆ. ಊಟಿಯ ಪುಟಾಣಿ ರೈಲನ್ನು ಆ ಗೆರೆಯ ಮೇಲೆ ಬಿಟ್ಟರೆ ಹಗಲು ರಾತ್ರಿ ನಿಲ್ಲದೆ ಓಡಿದರೂ 32 ದಿನ. ಟೋಕಿಯೋದ ಕ್ರಾಸ್ ಕಂಟ್ರಿ ದಾರಿಗಳನ್ನು ಸಾಲಾಗಿ ಜೋಡಿಸಿದರೆ 1,600ಕ್ಕೂ ಹೆಚ್ಚು ಬೇಕು, ಅವುಗಳ ಮೇಲೆ ಅರವತ್ತು ಸಾವಿರ ಜಿಗಿತ!

ಅರವತ್ತು ಸಾವಿರ ದೊಡ್ಡ ಸಂಖ್ಯೆ ಅನಿಸಿತೇ? 1994ರಲ್ಲಿ ಐರ್ಲೆಂಡಿನಿಂದ ಸಮುದ್ರ ದಾಟಿ ಇಂಗ್ಲೆಂಡಿಗೆ ಬಂದ ಜಂಪ್ ಜಾಕಿ ಎ.ಪಿ. ಮೆಕಾಯ್ ಅವರ ಲೆಕ್ಕ ಕೇಳಿ. ಸತತ 20 ಸೀಸನ್, 20 ಸಲ ಚಾಂಪಿಯನ್, ನಡುವೆ ಒಂದನ್ನೂ ಬಿಟ್ಟುಕೊಡಲಿಲ್ಲ. 2015ರಲ್ಲಿ ನಿವೃತ್ತರಾಗುವ ಹೊತ್ತಿಗೆ 4,300ಕ್ಕೂ ಹೆಚ್ಚು ಗೆಲುವು, 17,000ಕ್ಕೂ ಹೆಚ್ಚು ಸವಾರಿ. ಒಂದು ಓಟಕ್ಕೆ ಎರಡು ಮೈಲಿ, ಎಂಟು ತಡೆ ಎಂದು ಜಿಪುಣತನದಿಂದಲೇ ಲೆಕ್ಕ ಹಾಕೋಣ. ದೂರ 54,000 ಕಿಲೋಮೀಟರ್: ಭೂಮಿಗೆ ಒಂದು ಪೂರ್ತಿ ಸುತ್ತು ಹಾಕಿ, ಮತ್ತೊಂದರ ಮೂರನೇ ಒಂದು ಭಾಗ. ಜಿಗಿತ 1,36,000. ತಡೆಯೊಂದಕ್ಕೆ ಒಂದೇ ಮೀಟರ್ ಎಂದರೂ ಎತ್ತರ 136 ಕಿಲೋಮೀಟರ್! 2,637 ಮೀಟರಿನ ದೊಡ್ಡಬೆಟ್ಟವನ್ನು ಒಂದರ ಮೇಲೊಂದು 51 ಸಲ ಇಟ್ಟರೂ ಅಷ್ಟಾಗುವುದಿಲ್ಲ. ಬಾಹ್ಯಾಕಾಶ ಶುರುವಾಗುವುದು 100 ಕಿಲೋಮೀಟರಿಗೆ ಎನ್ನುತ್ತಾರೆ. ಮೆಕಾಯ್ ಕುದುರೆಯ ಬೆನ್ನಿನಿಂದ ಇಳಿಯದೆಯೇ ಅದನ್ನು ದಾಟಿ 36 ಕಿಲೋಮೀಟರ್ ಆಚೆ ಹೋದಂತಾಯಿತು!

ಎಲ್ಲಕ್ಕಿಂತ ದೊಡ್ಡ ಅಂಕಿ ಮಾತ್ರ ಇನ್ನೂ ಬಾಕಿ ಇದೆ: 140 ಕೋಟಿ, ಈ ದೇಶದ ಜನಸಂಖ್ಯೆ. 2000ದ ಸಿಡ್ನಿಯಲ್ಲಿ ಇಮ್ತಿಯಾಜ್ ಅನೀಸ್ ಸವಾರಿ ಮಾಡಿದ ಮೇಲೆ ನಾಲ್ಕು ಒಲಿಂಪಿಕ್ಸ್ ಕಳೆದವು, ಭಾರತದ ಒಂದು ಕುದುರೆಯೂ ಕಾಣಿಸಲಿಲ್ಲ. ಟೋಕಿಯೋಗೆ ಹೋದದ್ದು ಮಿರ್ಜಾ ಒಬ್ಬರೇ. 2011ರ ಜನಗಣತಿಯಂತೆ ಇಡೀ ನೀಲಗಿರಿ ಜಿಲ್ಲೆಯ ಜನ 7.35 ಲಕ್ಷ. ಊಟಿ, ಕೂನೂರು, ಕೋತಗಿರಿ, ಗೂಡಲೂರು ಎಲ್ಲ ಸೇರಿದ ಇಂಥ 1,900 ಜಿಲ್ಲೆಗಳನ್ನು ಜರಡಿ ಹಿಡಿದರೆ ಉದುರುವುದು ಒಬ್ಬ ಸವಾರ! 2024ರ ಪ್ಯಾರಿಸ್‌ಗೂ ಹೋದದ್ದು ಒಬ್ಬರೇ, ಕೋಲ್ಕತ್ತಾದ ಅನುಷ್ ಅಗರ್‌ವಾಲಾ, ಅವರ ತರಬೇತಿಯೂ ಜರ್ಮನಿಯಲ್ಲೇ. ಆದರೆ ಅವರದು ಡ್ರೆಸ್ಸಾಜ್, ಅದರಲ್ಲಿ ಒಂದು ಬೇಲಿಯನ್ನೂ ಹಾರಬೇಕಿಲ್ಲ. ಹಾಗಾಗಿ ಪ್ಯಾರಿಸ್‌ನಲ್ಲಿ ಭಾರತದ ಜಿಗಿತಗಾರರ ಸಂಖ್ಯೆ ಸೊನ್ನೆ. 140 ಕೋಟಿಯನ್ನು ಸೊನ್ನೆಯಿಂದ ಭಾಗಿಸಿ ನೋಡಿ, ಕ್ಯಾಲ್ಕುಲೇಟರೇ ಕೈಚೆಲ್ಲುತ್ತದೆ.