ಯಾವ ಹೊಸಹಳ್ಳಿ?

ಭರತ ಹುಣ್ಣಿಮೆಯ ಜಾತ್ರೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಡೆಂಕನಮರಡಿಯಲ್ಲಿ ಕಾಲಿಡಲು ಜಾಗವಿಲ್ಲ. ಬಿಲ್ಲನ್ನೇರಿದ ಗೊರವಯ್ಯ ‘ಸದ್ದಲೇ’ ಎನ್ನುತ್ತಾನೆ. ಲಕ್ಷಾಂತರ ಜನ ಗಪ್‌ಚಿಪ್. ಆ ಮೌನದೊಳಗೆ ಒಂದೇ ಒಂದು ಮಾತು ಬೀಳುತ್ತದೆ, ಅದೇ ಭವಿಷ್ಯ ನುಡಿಯುವ ಕಾರಣಿಕ.

ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊದವರ ತುರ್ತು ತಾಲೀಮೂ ‘ಸದ್ದಲೇ’ಯಿಂದಲೇ ಶುರು. ಒಂದೇ ತರಂಗದಲ್ಲಿ ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಇಬ್ಬರ ಮಾತೂ ಹಾಳು. ಅದಕ್ಕೇ ‘ನೆಟ್’ ಎಂಬ ಈ ಸಾಮೂಹಿಕ ಮಾತುಕತೆ ನಡೆಸುವವರು ಮೊದಲು ಎಲ್ಲರನ್ನೂ ಸುಮ್ಮನಿರಿಸುತ್ತಾರೆ. ಅವರು ಯಾರ ಕರೆಸಂಕೇತ ಕೂಗುತ್ತಾರೋ ಅವರಷ್ಟೇ ಮಾತಾಡಬೇಕು. ತುರ್ತು ಸಂದೇಶ ಇದ್ದವರಿಗೆ ಮೊದಲ ಸರದಿ.

ತಾಲೀಮಿಗೊಂದು ಸಂದೇಶ ಬರೆಯೋಣ: ‘ಹೊಸಹಳ್ಳಿಗೆ ಆಂಬುಲೆನ್ಸ್ ಬೇಕು.’ ಯಾವ ಹೊಸಹಳ್ಳಿ? ಆ ಹೆಸರಿನ ಊರುಗಳು ರಾಜ್ಯದ ತುಂಬ ಇವೆ. ತಾಲ್ಲೂಕು ಕೂಡ್ಲಿಗಿ, ಜಿಲ್ಲೆ ವಿಜಯನಗರ ಎಂದು ಸೇರಿಸದಿದ್ದರೆ ಗಾಡಿ ಇನ್ನೆಲ್ಲಿಗೋ ಹೊರಟೀತು. ಗಾಯಾಳುಗಳ ಲೆಕ್ಕವನ್ನೂ ‘ಹದಿನೈದು’ ಎಂದು ಬಿಡದೆ ‘ಒಂದು, ಐದು’ ಎಂದು ಬಿಡಿಸಿ ಹೇಳಬೇಕು. ಕೇಳಿದವರು ಬರೆದುಕೊಂಡು ತಿರುಗಿ ಓದಿ ಒಪ್ಪಿಸುವತನಕ ಸಂದೇಶ ಮುಟ್ಟಿದ ಲೆಕ್ಕವಿಲ್ಲ.

ಕೂಡ್ಲಿಗಿ ಸೀಮೆಯಲ್ಲಿ ಇನ್ನೊಂದು ಪಾಠವೂ ಉಂಟು. 144 ಮೆಗಾಹರ್ಟ್ಸ್‌ನ ಕೈಸೆಟ್ಟಿನ ಅಲೆ ಹೆಚ್ಚುಕಡಿಮೆ ನೇರ ದಾರಿ ಹಿಡಿಯುತ್ತದೆ. ಗುಡೇಕೋಟೆಯಂಥ ಬಂಡೆಗುಡ್ಡ ಅಡ್ಡ ಬಂದರೆ ಆಚೆಯವರಿಗೆ ಕೇಳಿಸುವುದು ಕಷ್ಟ. ಆಗ 7 ಮೆಗಾಹರ್ಟ್ಸ್‌ಗೆ ಇಳಿಯಬೇಕು. ಸುಮಾರು 20 ಮೀಟರ್ ತಂತಿಯನ್ನು ನಡುವೆ ತುಂಡರಿಸಿ, ಅಲ್ಲಿಂದ ರೇಡಿಯೊಗೆ ಜೋಡಿಸಿ, ಎರಡು ಬೇವಿನ ಮರಗಳಿಗೆ ತಗ್ಗಿನಲ್ಲೇ ಕಟ್ಟಿದರೆ, ಅಲೆ ಬಹುತೇಕ ನೆಟ್ಟಗೆ ಮೇಲೇರಿ, ಅಯಾನುಗೋಳಕ್ಕೆ ತಾಗಿ, ಗುಡ್ಡ ದಾಟಿ ಇಳಿಯುತ್ತದೆ. ಹಗಲು ಹೊತ್ತು ಬೆಂಗಳೂರಿನಷ್ಟು ದೂರ ಮುಟ್ಟೀತು. ಕರೆಂಟ್ ಹೋದರೆ ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿ ಸಾಕು.

ಇದು ಬಿಡುವಿನ ಹವ್ಯಾಸವಲ್ಲವೇ ಎಂದರೆ, ಹೌದು. 2004ರ ಡಿಸೆಂಬರ್‌ನಲ್ಲಿ ಹ್ಯಾಮ್ ಭಾರತಿ ಪ್ರಸಾದ್ ಪೋರ್ಟ್ ಬ್ಲೇರ್‌ಗೆ ಹೋಗಿದ್ದೂ ಹವ್ಯಾಸಕ್ಕೇ; ಅಂಡಮಾನಿನಿಂದ ಜಗತ್ತಿನ ಹ್ಯಾಮ್‌ಗಳ ಜೊತೆ ಮಾತಾಡಲು. 26ರ ಬೆಳಗ್ಗೆ ಭೂಮಿ ನಡುಗಿ ಸುನಾಮಿ ಅಪ್ಪಳಿಸಿತು. ಅದೇ ರೇಡಿಯೊ ದ್ವೀಪದವರ ಕ್ಷೇಮಸಮಾಚಾರವನ್ನು ಮುಖ್ಯಭೂಮಿಗೆ ದಾಟಿಸಿತು. ದಿನವೂ ಹರಟಿ ಪಳಗಿದ ನಾಲಿಗೆ ಆ ಹೊತ್ತಿಗೆ ತಡವರಿಸಲಿಲ್ಲ.

ಹ್ಯಾಮ್ ಆಗಲು ವಯಸ್ಸು 12 ತುಂಬಿದ್ದರೆ ಆಯಿತು. ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆ ಪಾಸಾದರೆ ಪರವಾನಗಿ. ಕೆಳಹಂತದ ಪರೀಕ್ಷೆಗೆ ಮೋರ್ಸ್ ಕೂಡ ಬೇಕಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಚೈನ್ ಕಡಿದು ಕೊಚ್ಚಿಹೋದಾಗ ನದಿಪಾತ್ರದ ಊರುಗಳನ್ನು ಎಚ್ಚರಿಸಬೇಕಾಯಿತು. ಅಂಥ ರಾತ್ರಿ ಮೊಬೈಲ್ ಟವರೂ ಮಲಗಿದರೆ? ಆಗ ಬೇವಿನ ಮರದ ತಂತಿಯ ಕೆಳಗೆ ಕೂತವರಿಗೆ ಆಚೆಯಿಂದ ಈ ಮಾತು ಬರಬೇಕು: ‘ಬರೆದುಕೊಂಡೆ. ಕೂಡ್ಲಿಗಿ ತಾಲ್ಲೂಕು, ಹೊಸಹಳ್ಳಿ. ಸರಿಯೇ?’