ಕಿವಿಯೇ ಗುರು

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನಲ್ಲಿ, ಕೃಷ್ಣಾ ನದಿಯ ದಂಡೆಯ ಮೇಲೆ ಯಡೂರು ಎಂಬ ಊರಿದೆ. ವೀರಭದ್ರೇಶ್ವರನ ಕ್ಷೇತ್ರವೆಂದು ಪ್ರಸಿದ್ಧವಾದ ಈ ಊರಿನ ಸುತ್ತಣ ನಾಡಿಗೆ ಸಂಗೀತ ಹೊಸದಲ್ಲ. ಗಡಿಯಾಚೆಗೆ, ಮಹಾರಾಷ್ಟ್ರದಲ್ಲಿರುವ ಮೀರಜ ಪಟ್ಟಣವು ಸಿತಾರ್ ಮತ್ತು ತಂಬೂರಿಗಳ ತಯಾರಿಕೆಗೆ ಬಹುಕಾಲದಿಂದ ಹೆಸರಾಗಿದೆ. ಅಲ್ಲಿ ತಯಾರಾಗುವ ಈ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಕಿರಾಣಾ ಘರಾಣೆಯ ಮಹಾಗಾಯಕ ಅಬ್ದುಲ್ ಕರೀಂ ಖಾನರು ನೆಲೆಸಿದ್ದುದೂ ಆ ಊರಿನಲ್ಲಿಯೇ.

ಇಂತಹ ನಾಡಿನಲ್ಲಿಯೂ ಗಿಟಾರನ್ನು ಕಲಿಯಬೇಕೆಂದು ಹಂಬಲಿಸುವ ವಿದ್ಯಾರ್ಥಿಗೆ ಒಂದು ತೊಡಕು ಎದುರಾಗುತ್ತದೆ. ಹಳ್ಳಿಯಲ್ಲಿ ಆ ವಾದ್ಯವನ್ನು ಕಲಿಸುವವರು ಸುಲಭವಾಗಿ ಸಿಗುವುದಿಲ್ಲ. ದೂರದ ಪಟ್ಟಣಕ್ಕೆ ಹೋಗಿಬರಲು ಸಮಯವೂ ಹಣವೂ ಬೇಕು. ಹಾಗಾದರೆ ಆ ಆಸೆಯನ್ನು ಬಿಟ್ಟುಬಿಡಬೇಕೇ? ಮನೆಯಲ್ಲಿಯೇ ಕುಳಿತು ತಾನೇ ಕಲಿಯಲು ಸಾಧ್ಯವೇ? ಸಾಧ್ಯವಾದರೆ, ತಪ್ಪಿದಾಗ ತಿದ್ದುವವರು ಯಾರು?

ಸ್ಪೇನ್ ದೇಶದ ಆಂದ್ರೆಸ್ ಸೆಗೋವಿಯಾ ಎಂಬಾತನ ಜೀವನ ಈ ಪ್ರಶ್ನೆಗೆ ಒಂದು ಉತ್ತರವಾಗಿದೆ. ಆತ ಹುಟ್ಟಿದ್ದು 1893ರಲ್ಲಿ. ಆ ಕಾಲದಲ್ಲಿ ಗಿಟಾರನ್ನು ಗಂಭೀರ ಸಂಗೀತದ ವಾದ್ಯವೆಂದು ಮನ್ನಿಸುವವರು ವಿರಳವಾಗಿದ್ದರು. ಮನೆಯವರಿಗೂ ಅದು ಸಮ್ಮತವಾಗಿರಲಿಲ್ಲ. ಆದರೂ ಆ ಬಾಲಕ ಧೃತಿಗೆಡದೆ ತನಗೆ ತಾನೇ ಗುರುವಾಗಿ, ತನಗೆ ತಾನೇ ಶಿಷ್ಯನಾಗಿ ಅಭ್ಯಾಸ ನಡೆಸಿದ. 1909ರಲ್ಲಿ, ಇನ್ನೂ ಹದಿನಾರರ ಹರೆಯದಲ್ಲಿ, ಗ್ರನಾಡಾ ನಗರದಲ್ಲಿ ತನ್ನ ಮೊದಲ ಕಛೇರಿಯನ್ನು ನೀಡಿದ. ಮುಂದೆ ಜಗತ್ತಿನ ದೊಡ್ಡ ಸಂಗೀತಸಭೆಗಳಲ್ಲಿ ಗಿಟಾರಿಗೆ ಗೌರವದ ಸ್ಥಾನವನ್ನು ದೊರಕಿಸಿಕೊಟ್ಟವರಲ್ಲಿ ಆತನೇ ಅಗ್ರಗಣ್ಯ.

ಶಿಷ್ಯನಾಗುವುದು ಸುಲಭ, ತನಗೆ ತಾನೇ ಗುರುವಾಗುವುದು ಕಷ್ಟ. ಗುರುವಿನ ಮುಖ್ಯ ಕೆಲಸ ತಪ್ಪನ್ನು ಗುರುತಿಸುವುದು. ಆ ಕೆಲಸವನ್ನು ಮನೆಯಲ್ಲಿ ಮಾಡಬೇಕಾದುದು ಕಲಿಯುವವನ ಕಿವಿ. ಆದುದರಿಂದ ಬೆರಳುಗಳಿಗಿಂತ ಮೊದಲು ಕಿವಿಯನ್ನು ಪಳಗಿಸಬೇಕು. ಇದಕ್ಕೆ ವಾದ್ಯದ ರಚನೆಯನ್ನು ತಿಳಿಯುವುದು ಅವಶ್ಯ.

ಸಾಮಾನ್ಯ ಗಿಟಾರಿಗೆ ಆರು ತಂತಿಗಳು. ಅದರ ಉದ್ದನೆಯ ಕತ್ತಿನ ಮೇಲೆ ಲೋಹದ ಮೆಟ್ಟಿಲುಗಳನ್ನು ಅಡ್ಡಲಾಗಿ ಕೂರಿಸಿರುತ್ತಾರೆ. ತಂತಿಯನ್ನು ಒಂದು ಮೆಟ್ಟಿಲಿಗೆ ಒತ್ತಿ ಹಿಡಿದಾಗ ನುಡಿಯುವ ಭಾಗ ಗಿಡ್ಡದಾಗಿ, ಸ್ವರ ಮೇಲೇರುತ್ತದೆ. ಹನ್ನೆರಡನೆಯ ಮೆಟ್ಟಿಲು ತಂತಿಯ ನಡುಮಧ್ಯದಲ್ಲಿದೆ. ತಂತಿಯ ಉದ್ದ 65 ಸೆಂಟಿಮೀಟರ್ ಇದ್ದರೆ ಆ ಮೆಟ್ಟಿಲು ಮೇಲ್ತುದಿಯಿಂದ 32.5 ಸೆಂಟಿಮೀಟರ್ ದೂರದಲ್ಲಿರುತ್ತದೆ. ತೆರೆದ ತಂತಿಯ ಸ್ವರವನ್ನು ಷಡ್ಜವೆಂದು ಹಿಡಿದರೆ ಅಲ್ಲಿ ಕೇಳುವುದು ತಾರಷಡ್ಜ. ಇವೆರಡರ ನಡುವಣ ಹನ್ನೆರಡು ಹೆಜ್ಜೆಗಳೂ ಹಾರ್ಮೋನಿಯಂನ ಹನ್ನೆರಡು ಮನೆಗಳೂ ಒಂದೇ ಲೆಕ್ಕದವು. ಭಜನೆಯಲ್ಲಿ ಹಾರ್ಮೋನಿಯಂ ಕೇಳಿ ಬೆಳೆದ ಬಾಲಕನಿಗೆ ಗಿಟಾರಿನ ಸ್ವರಗಳು ಪೂರ್ತಿ ಅಪರಿಚಿತವಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಪರಿಚಯವೇ ಶ್ರುತಿ ಮಾಡಲು ನೆರವಾಗುತ್ತದೆ. ಗಿಟಾರಿನ ಅತ್ಯಂತ ದಪ್ಪ ತಂತಿಯಿಂದ ಆರಂಭಿಸಿದರೆ ಆರು ತಂತಿಗಳ ಸ್ವರಗಳು ಕ್ರಮವಾಗಿ ಬಿಳಿ ಮೂರು, ಬಿಳಿ ಆರು, ಬಿಳಿ ಎರಡು, ಬಿಳಿ ಐದು, ಬಿಳಿ ಏಳು ಮತ್ತು ಮರಳಿ ಬಿಳಿ ಮೂರು ಆಗುತ್ತವೆ. ದಪ್ಪ ತಂತಿಗೆ ತಗ್ಗಿನ ಸ್ಥಾಯಿಯ ಬಿಳಿ ಮೂರು, ತೆಳು ತಂತಿಗೆ ಅದಕ್ಕಿಂತ ಎರಡು ಸ್ಥಾಯಿ ಮೇಲಿನ ಬಿಳಿ ಮೂರು. ಒಂದು ತಂತಿ ಸರಿಯಾದ ಮೇಲೆ ಉಳಿದವನ್ನು ಗಿಟಾರಿನಿಂದಲೇ ಹೊಂದಿಸಬಹುದು. ದಪ್ಪ ತಂತಿಯನ್ನು ಐದನೆಯ ಮೆಟ್ಟಿಲಿನಲ್ಲಿ ಒತ್ತಿದರೆ ಅದರ ಮುಂದಿನ ತೆರೆದ ತಂತಿಯ ಸ್ವರ ಬರಬೇಕು. ಬಿಳಿ ಐದರ ತಂತಿಯೊಂದನ್ನು ಮಾತ್ರ ನಾಲ್ಕನೆಯ ಮೆಟ್ಟಿಲಿನಲ್ಲಿ ಒತ್ತಬೇಕು. ಉಳಿದೆಡೆ ಎಲ್ಲ ಐದನೆಯದೇ.

ಎರಡು ಸ್ವರಗಳು ಸರಿಯಾಗಿ ಕೂಡಿವೆಯೆಂದು ಅರಿಯುವುದು ಹೇಗೆ? ಇಲ್ಲಿ ನಿಸರ್ಗವೇ ಪರೀಕ್ಷಕನ ಸ್ಥಾನದಲ್ಲಿ ನಿಲ್ಲುತ್ತದೆ. ಒಂದು ತಂತಿ ಸೆಕೆಂಡಿಗೆ 110 ಸಲ, ಇನ್ನೊಂದು 112 ಸಲ ಕಂಪಿಸುತ್ತಿವೆಯೆಂದು ಭಾವಿಸೋಣ. ಎರಡನ್ನೂ ಒಮ್ಮೆಲೇ ನುಡಿಸಿದಾಗ ಕೇಳುವ ನಾದ ಸೆಕೆಂಡಿಗೆ ಎರಡು ಸಲ ಏರಿ ಇಳಿಯುತ್ತದೆ. ಎರಡು ಕಂಪನಗಳ ಅಂತರ ಎಷ್ಟೋ, ಏರಿಳಿತಗಳ ಸಂಖ್ಯೆಯೂ ಅಷ್ಟೇ. ಬಿರಡೆಯನ್ನು ನಿಧಾನವಾಗಿ ತಿರುಗಿಸಿ ಸ್ವರಗಳು ಸಮೀಪಿಸಿದಂತೆ ಏರಿಳಿತ ಮಂದವಾಗುತ್ತದೆ. ಎರಡೂ ಒಂದಾದಾಗ ಅದು ನಿಂತು ನಾದ ನೇರವಾಗಿ ಹರಿಯುತ್ತದೆ. ಈ ಪರೀಕ್ಷೆಯಲ್ಲಿ ದಾಕ್ಷಿಣ್ಯಕ್ಕೆ ಎಡೆಯಿಲ್ಲ. ಮೀರಜದ ಕುಶಲಕರ್ಮಿ ತಂಬೂರಿಗೆ ಕಿವಿಗೊಟ್ಟು ಕುಳಿತಾಗ ಆಲಿಸುವುದೂ ಇಂತಹ ಸೂಕ್ಷ್ಮಗಳನ್ನೇ.

ಶ್ರುತಿಯಾದ ಬಳಿಕ ಬೆರಳುಗಳ ಸರದಿ. ತಂತಿಯನ್ನು ಮೆಟ್ಟಿಲಿನ ಮೇಲೆಯೇ ಒತ್ತಬಾರದು. ಅದರ ಹಿಂದೆ, ಅದಕ್ಕೆ ತೀರ ಹತ್ತಿರದಲ್ಲಿ ಬೆರಳಿನ ತುದಿಯಿಂದ ಒತ್ತಬೇಕು. ಆಗ ಕಡಿಮೆ ಬಲದಿಂದಲೇ ಶುದ್ಧ ನಾದ ಹೊರಡುತ್ತದೆ. ಮೊದಲ ಕೆಲವು ವಾರ ಬೆರಳುಗಳ ತುದಿ ನೋಯುವುದು ಸಹಜ. ವಾರಕ್ಕೊಮ್ಮೆ ಮೂರು ಗಂಟೆ ನುಡಿಸುವುದಕ್ಕಿಂತ ದಿನಕ್ಕೆ ಅರ್ಧ ಗಂಟೆ ನುಡಿಸುವುದು ಲೇಸು. ತಾಳಕ್ಕೆ ಸರಿಯಾಗಿ, ತಪ್ಪಿಲ್ಲದೆ ನುಡಿಸಲು ಸಾಧ್ಯವಾಗುವಷ್ಟು ನಿಧಾನವಾಗಿ ಆರಂಭಿಸಿ, ಕ್ರಮೇಣ ವೇಗವನ್ನು ಹೆಚ್ಚಿಸಬೇಕು. ಅವಸರದಲ್ಲಿ ಬೆರಳಿಗೆ ಅಂಟಿಕೊಂಡ ತಪ್ಪನ್ನು ಬಿಡಿಸುವುದು ಹೊಸದನ್ನು ಕಲಿಯುವುದಕ್ಕಿಂತ ಕಠಿಣ.

ಬೆರಳುಗಳ ವಿಷಯದಲ್ಲಿ ನಿರಾಶರಾಗುವವರು ಜಾಂಗೋ ರೈನ್‌ಹಾರ್ಟನನ್ನು ನೆನೆಯಬೇಕು. 1928ರಲ್ಲಿ ಈ ತರುಣ ವಾದಕನ ವಾಸದ ಗಾಡಿಗೆ ಬೆಂಕಿ ಬಿದ್ದು, ಆತನ ಎಡಗೈಯ ಎರಡು ಬೆರಳುಗಳು ನಿಷ್ಪ್ರಯೋಜಕವೆನ್ನುವಷ್ಟು ಸುಟ್ಟುಹೋದವು. ಆತ ಉಳಿದ ಬೆರಳುಗಳಿಂದಲೇ ನುಡಿಸುವ ಹೊಸ ಮಾರ್ಗವನ್ನು ಕಂಡುಹಿಡಿದು, ಯುರೋಪಿನ ಶ್ರೇಷ್ಠ ಗಿಟಾರ್ ವಾದಕರಲ್ಲಿ ಒಬ್ಬನಾದ. ಅಂತಹ ಕೈಗೆ ಹೊಂದುವ ಮಾರ್ಗವನ್ನು ಆಗಿನ ಯಾವ ಪಾಠವೂ ಹೇಳುತ್ತಿರಲಿಲ್ಲ.

ಆದರೆ ಸ್ವಯಂಕಲಿಕೆಯಲ್ಲಿ ಒಂದು ಅಪಾಯವಿದೆ. ನುಡಿಸುತ್ತಿರುವಾಗ ಮನಸ್ಸು ತಾನು ಬಯಸಿದ ರಾಗವನ್ನೇ ಕೇಳಿಸಿಕೊಳ್ಳುತ್ತದೆ. ನಿಜವಾಗಿ ಹೊರಟ ನಾದವನ್ನು ಗಮನಿಸುವುದಿಲ್ಲ. ಇದಕ್ಕೆ ಇಂದು ಮೊಬೈಲ್ ಫೋನ್ ಒಳ್ಳೆಯ ಸಾಧನ. ನುಡಿಸಿದುದನ್ನು ಅದರಲ್ಲಿ ಮುದ್ರಿಸಿ, ಮರುದಿನ ಇತರರ ವಾದನವನ್ನು ಕೇಳುವಂತೆ ಕೇಳಬೇಕು. ಎಲ್ಲಿ ತಾಳ ಜಾರಿತು, ಯಾವ ತಂತಿ ಮಂಕಾಯಿತು ಎಂಬುದು ಆಗ ತಾನಾಗಿಯೇ ತಿಳಿಯುತ್ತದೆ.

ಮುದ್ರಿತ ನಾದವನ್ನು ಕೇಳಿ ಕಲಿಯುವುದು ಈ ಜಿಲ್ಲೆಗೆ ಹೊಸದೇನಲ್ಲ. 1924ರಲ್ಲಿ ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ ಜನಿಸಿದ ಶಿವಪುತ್ರ ಕೊಂಕಾಳಿಮಠ ಎಂಬ ಬಾಲಕ ಹಿರಿಯ ಗಾಯಕರ ಧ್ವನಿಮುದ್ರಿಕೆಗಳನ್ನು ಕೇಳಿ ಅವರಂತೆಯೇ ಹಾಡಿ ಜನರನ್ನು ಬೆರಗುಗೊಳಿಸಿದ. ಆತನೇ ಮುಂದೆ ಕುಮಾರ ಗಂಧರ್ವರೆಂದು ಲೋಕವಿಖ್ಯಾತನಾದವನು. ಆದರೆ ಅನುಕರಣೆ ಕೊಟ್ಟ ಕೀರ್ತಿಯಲ್ಲಿ ಆತ ನಿಲ್ಲಲಿಲ್ಲ. ಮುಂಬಯಿಯಲ್ಲಿ ಬಿ. ಆರ್. ದೇವಧರರ ಬಳಿ ಶಿಷ್ಯವೃತ್ತಿ ಕೈಗೊಂಡು, ಸ್ವರದ ಒಳಮರ್ಮಗಳನ್ನು ಅರಿತು, ಆಮೇಲೆ ತನ್ನದೇ ಆದ ಗಾಯನವನ್ನು ರೂಪಿಸಿಕೊಂಡ.

ಇದರಿಂದ ಎರಡು ಮಾತುಗಳು ಸ್ಪಷ್ಟವಾಗುತ್ತವೆ. ಗುರು ದೊರೆಯಲಿಲ್ಲವೆಂದು ಕಲಿಕೆಯನ್ನು ಮುಂದೂಡಬೇಕಾಗಿಲ್ಲ. ಹಾಗೆಯೇ, ತಾನೇ ಕಲಿತೆನೆಂಬ ಹೆಮ್ಮೆಯಿಂದ, ಬಲ್ಲವರು ದೊರೆತಾಗ ಅವರಿಂದ ದೂರ ಉಳಿಯಲೂಬಾರದು. ಪ್ರಾಮಾಣಿಕವಾದ ಕಿವಿಯುಳ್ಳವನು ಗುರುವಿಲ್ಲದಾಗ ತನ್ನ ತಪ್ಪನ್ನು ತಾನೇ ಕಾಣಬಲ್ಲ. ಗುರು ದೊರೆತಾಗ ಅವರ ಒಂದೇ ಮಾತಿನಿಂದ ಬಹಳಷ್ಟನ್ನು ಗ್ರಹಿಸಬಲ್ಲ. ಕೃಷ್ಣೆಯ ದಂಡೆಯ ಯಾವುದೋ ಮನೆಯಲ್ಲಿ, ಸಂಜೆಯ ಹೊತ್ತು, ಎರಡು ತಂತಿಗಳ ನಡುವಣ ಏರಿಳಿತ ನಿಲ್ಲುವವರೆಗೂ ತಾಳ್ಮೆಯಿಂದ ಬಿರಡೆ ತಿರುಗಿಸುವ ವಿದ್ಯಾರ್ಥಿಗೆ ಮೊದಲ ಪಾಠ ಆಗಲೇ ದೊರೆತಿರುತ್ತದೆ.